ಕೆಲಸ ಮುಗಿಯುವ ಹೊತ್ತು: ಬೆಂಗಳೂರಿನಲ್ಲಿ ದುಡಿಮೆ, ಮನೆ ಎರಡನ್ನೂ ಸರಿದೂಗಿಸಲು ಒಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ ದುಡಿಯುವ ಯಾರನ್ನೇ ಕೇಳಿ, ಕೆಲಸ ಎಷ್ಟೊತ್ತಿಗೆ ಶುರು ಅಂತ ತಟ್ಟನೆ ಹೇಳುತ್ತಾರೆ. ಎಷ್ಟೊತ್ತಿಗೆ ಮುಗಿಯುತ್ತದೆ ಅಂತ ಕೇಳಿದರೆ ತಡವರಿಸುತ್ತಾರೆ. ಆರೂವರೆಗೆ ಕಂಪ್ಯೂಟರ್ ಮುಚ್ಚಿರುತ್ತದೆ. ಆದರೆ ಬಸ್ಸಿನಲ್ಲಿ ಮೆಸೇಜ್ ಬರುತ್ತಲೇ ಇರುತ್ತದೆ. ಊಟಕ್ಕೆ ಕೂತಾಗ ಒಂದು ಕಾಲ್. ಮಲಗುವ ಮುಂಚೆ ಒಂದು ಮೇಲ್, ಅದರ ಹಿಂದೆಯೇ ನಾಳೆಯ ಚಿಂತೆ.

ಈ ಮಾರ್ಗದರ್ಶಿಯ ಉದ್ದಕ್ಕೂ ನಾನು ಹೇಳುವುದು ಒಂದೇ ಮಾತು. ಕೆಲಸ ಮುಗಿಯುವ ಹೊತ್ತನ್ನು ಮೊದಲು ಗೊತ್ತು ಮಾಡಿ. ಉಳಿದದ್ದನ್ನೆಲ್ಲ ಅಲ್ಲಿಂದ ಹಿಂದಕ್ಕೆ ಜೋಡಿಸಿ. ಮನೆ, ನಿದ್ದೆ, ಮಕ್ಕಳು, ಗೆಳೆಯರು ಎಲ್ಲರಿಗೂ "ಕೆಲಸ ಮುಗಿದ ಮೇಲೆ" ಅಂತ ಹೇಳಿರುತ್ತೇವೆ. ಮುಗಿಯುವ ಹೊತ್ತೇ ಇಲ್ಲದಿದ್ದರೆ ಅವರ ಸರದಿ ಬರುವುದೇ ಇಲ್ಲ, ಅಲ್ವಾ?

ಇದು ಬರೀ ಬೇಜಾರಿನ ವಿಷಯವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಒಟ್ಟಾಗಿ ಒಂದು ಅಧ್ಯಯನ ಪ್ರಕಟಿಸಿದವು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರನ್ನು 35ರಿಂದ 40 ಗಂಟೆ ದುಡಿಯುವವರ ಜೊತೆ ಹೋಲಿಸಿ ನೋಡಿದರು. ಪಾರ್ಶ್ವವಾಯುವಿನ ಅಪಾಯ ಸುಮಾರು ಶೇಕಡಾ 35ರಷ್ಟು ಹೆಚ್ಚಿತ್ತು. ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇಕಡಾ 17ರಷ್ಟು ಹೆಚ್ಚಿತ್ತು. ದಿನಕ್ಕೆ 11 ಗಂಟೆಯಂತೆ ಐದು ದಿನ ದುಡಿದರೆ 55 ಆಗಿಬಿಡುತ್ತದೆ. ನಮ್ಮ ಊರಿನಲ್ಲಿ ಅದನ್ನು ಯಾರೂ ವಿಶೇಷ ಅಂತ ಎಣಿಸುವುದಿಲ್ಲ.

ಐಟಿಯವರಿಗೆ ಮಾತ್ರ ಇದನ್ನು ಬರೆದಿಲ್ಲ. ಬ್ಯಾಂಕು, ಶಾಲೆ, ಆಸ್ಪತ್ರೆ, ಅಂಗಡಿ, ಪೀಣ್ಯದ ಕಾರ್ಖಾನೆ, ಎಲ್ಲಿ ದುಡಿದರೂ ಹೆಚ್ಚಿನ ಹೆಜ್ಜೆಗಳು ಹೊಂದುತ್ತವೆ. ಹೊಂದದ್ದನ್ನು ಬಿಟ್ಟು ಮುಂದೆ ಹೋಗಿ. ಮೊದಲ ಮೂರನ್ನು ಮಾತ್ರ ಬಿಡಬೇಡಿ.

ಹೆಜ್ಜೆ 1: ಒಂದು ವಾರ ಬರೆದಿಡಿ

ಏನನ್ನೂ ಬದಲಾಯಿಸುವ ಮುಂಚೆ ಒಂದು ವಾರ ಸುಮ್ನೆ ಬರೆಯಿರಿ. ಸಣ್ಣ ನೋಟ್‌ಬುಕ್ ಸಾಕು. ಮನೆ ಬಿಟ್ಟ ಹೊತ್ತು, ಕೆಲಸ ಶುರುವಾದ ಹೊತ್ತು, ಊಟ, ಹೊರಟ ಹೊತ್ತು, ಮನೆ ಸೇರಿದ ಹೊತ್ತು, ಮಲಗಿದ ಹೊತ್ತು. ಮನೆಗೆ ಬಂದ ಮೇಲೆ ಕೆಲಸಕ್ಕಾಗಿ ಫೋನ್ ಮುಟ್ಟಿದಾಗೆಲ್ಲ ಒಂದು ಗೀಟು ಎಳೆಯಿರಿ.

ಭಾನುವಾರ ಕೂತು ನೋಡಿ. ಬಹಳ ಜನರಿಗೆ ಆಶ್ಚರ್ಯ ಆಗುವುದು ಕೆಲಸದ ಗಂಟೆ ನೋಡಿ ಅಲ್ಲ. ದಾರಿಯ ಗಂಟೆ ಮತ್ತು ರಾತ್ರಿಯ ಗೀಟುಗಳನ್ನು ನೋಡಿ. ಹತ್ತು ನಿಮಿಷದ ಕಾಲ್ ಹತ್ತು ನಿಮಿಷಕ್ಕೆ ಮುಗಿಯುವುದಿಲ್ಲ. ಮುಂಚಿನ ಅರ್ಧ ಗಂಟೆ ಕಾಯುವುದರಲ್ಲಿ ಹೋಗುತ್ತದೆ, ಆಮೇಲಿನ ಅರ್ಧ ಗಂಟೆ ತಲೆ ತಣ್ಣಗಾಗಲು ಬೇಕಾಗುತ್ತದೆ. ಆ ಸಂಜೆ ಮಗುವಿನ ಹೋಂವರ್ಕ್‌ಗೆ ಕೂತಿದ್ದರೂ ಮನಸ್ಸು ಅಲ್ಲಿ ಇರುವುದಿಲ್ಲ.

ಈ ಪುಟವನ್ನು ಎತ್ತಿಡಿ. ನಾಲ್ಕನೇ ಹೆಜ್ಜೆಯಲ್ಲಿ ಮ್ಯಾನೇಜರ್ ಜೊತೆ ಮಾತಾಡುವಾಗ ಬೇಕಾಗುತ್ತದೆ.

ಹೆಜ್ಜೆ 2: ದಾರಿಯ ಲೆಕ್ಕ ಹಾಕಿ

ಬೇರೆ ಊರಿನವರಿಗೆ ಬರೆದಿದ್ದರೆ ಇದನ್ನು ಎರಡು ಸಾಲಿನಲ್ಲಿ ಮುಗಿಸಬಹುದಿತ್ತು. ಬೆಂಗಳೂರಿನಲ್ಲಿ ಆಗುವುದಿಲ್ಲ. ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದ ಪ್ರಕಾರ ಇಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 34 ನಿಮಿಷ ಬೇಕು. ಸಿಲ್ಕ್ ಬೋರ್ಡ್, ಹೆಬ್ಬಾಳ, ಟಿನ್ ಫ್ಯಾಕ್ಟರಿ, ಮಾರತ್ತಹಳ್ಳಿ ಕಡೆಯವರು ಈ ಸಂಖ್ಯೆ ನೋಡಿ "ಅಷ್ಟೇನಾ?" ಅನ್ನುತ್ತಾರೆ.

ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 22 ದಿನ ಕೆಲಸ ಇದ್ದರೆ 44 ಗಂಟೆ. ಅಂದರೆ ಹತ್ತಿರ ಹತ್ತಿರ ಒಂದು ವಾರದ ಪೂರ್ತಿ ದುಡಿಮೆಯಷ್ಟು ಹೊತ್ತು ರಸ್ತೆಯಲ್ಲೇ ಕಳೆಯುತ್ತದೆ. ಇದರಲ್ಲಿ ಅರ್ಧ ಉಳಿಸಿದರೂ ಸಂಬಳ ಏರಿದಷ್ಟೇ ಲಾಭ ಅಂತ ನಾನು ನಂಬುತ್ತೇನೆ. ಉಳಿಸಲು ದಾರಿಗಳು ಇವೆ.

ಮೊದಲನೆಯದು ಹೊತ್ತು ಬದಲಾಯಿಸುವುದು. ಬೆಳಗ್ಗೆ ಏಳೂವರೆಗೆ ಮುಂಚೆ ಹೊರಡುವವರಿಗೂ ಒಂಬತ್ತಕ್ಕೆ ಹೊರಡುವವರಿಗೂ ಒಂದೇ ರಸ್ತೆ, ಆದರೆ ಬೇರೆ ಬೇರೆ ಪಯಣ. ಬೇಗ ಹೋಗಿ ಬೇಗ ಹೊರಡುವುದು ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು. ಬೇಗ ಹೋಗಿ ತಡವಾಗಿ ಹೊರಟರೆ ಮಾತ್ರ ಇದ್ದದ್ದೂ ಹೋಯಿತು. ಬೇಗ ಹೋಗುವುದಾದರೆ ಹೊರಡುವ ಹೊತ್ತನ್ನೂ ಅಷ್ಟೇ ಹಿಂದಕ್ಕೆ ತನ್ನಿ.

ಎರಡನೆಯದು ಮೆಟ್ರೋ. ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ. ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ಮೇಲೆ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಟಿಕೆಟ್ ದರ ಏರಿದೆ, ನಿಜ. ಆದರೂ ಮೆಟ್ರೋದಲ್ಲಿ ಎಷ್ಟೊತ್ತಿಗೆ ತಲುಪುತ್ತೇವೆ ಅಂತ ಗೊತ್ತಿರುತ್ತದೆ. ಏಳೂಕಾಲಿಗೆ ಮನೆಯಲ್ಲಿ ಇರುತ್ತೇನೆ ಅಂತ ಮಗುವಿಗೆ ಹೇಳಿ ಆ ಮಾತು ಉಳಿಸಿಕೊಳ್ಳಬಹುದು. ಸ್ವಂತ ಕಾರಿನಲ್ಲಿ ಬರುವವರು ಹಾಗೆ ಹೇಳುವುದು ಕಷ್ಟ.

ಮೂರನೆಯದು ಮನೆ ಬದಲಾಯಿಸುವುದು. ಸುಲಭ ಅಲ್ಲ. ಅಡ್ವಾನ್ಸ್ ಹೊಂದಿಸಬೇಕು, ಮಕ್ಕಳ ಶಾಲೆ ನೋಡಬೇಕು, ಅಪ್ಪ ಅಮ್ಮ ಜೊತೆಗಿದ್ದರೆ ಅವರ ಅಕ್ಕಪಕ್ಕದ ಒಡನಾಟ ತಪ್ಪುತ್ತದೆ. ಬದಲಾಯಿಸುವುದೇ ಆದರೆ ಈಗಿನ ಆಫೀಸಿನ ಪಕ್ಕ ಹುಡುಕುವ ಬದಲು ಮೆಟ್ರೋ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ಹುಡುಕಿ. ಆಫೀಸು ಎರಡು ವರ್ಷಕ್ಕೆ ಬದಲಾಗಬಹುದು. ನಿಲ್ದಾಣ ಅಲ್ಲೇ ಇರುತ್ತದೆ. ಬಾಡಿಗೆ ಹೆಚ್ಚು ಅನಿಸಿದರೆ ಪೆಟ್ರೋಲ್, ಕ್ಯಾಬ್ ಖರ್ಚು ಮತ್ತು ಆ 44 ಗಂಟೆ ಎಲ್ಲವನ್ನೂ ಒಟ್ಟಿಗೆ ಬರೆದು ನೋಡಿ.

ಮನೆಯಿಂದಲೇ ಕೆಲವು ದಿನ ಕೆಲಸ ಮಾಡುವ ಅವಕಾಶ ಇರುವವರು ಆ ದಿನಗಳನ್ನು ಬೇಕಾಬಿಟ್ಟಿ ಆರಿಸಬೇಡಿ. ರಸ್ತೆ ತುಂಬಿರುವ ದಿನ ಮನೆಯಲ್ಲಿರಿ, ಖಾಲಿ ಇರುವ ದಿನ ಹೋಗಿ.

ಇನ್ನೊಂದು ಮಾತು. ಬರುವ ದಾರಿಯಲ್ಲಿ ಆಫೀಸಿನ ಕಾಲ್ ತೆಗೆದುಕೊಳ್ಳುವ ಅಭ್ಯಾಸ ಬಿಡಿ. ಕೆಲಸದಿಂದ ಮನೆಗೆ ಮನಸ್ಸು ತಿರುಗಲು ಸಿಗುವ ಹೊತ್ತು ಅದೊಂದೇ. ಹಾಡು ಕೇಳಿ, ಓದಿ, ಕಿಟಕಿ ಪಕ್ಕ ತೂಕಡಿಸಿ, ಅಕ್ಕನಿಗೋ ತಮ್ಮನಿಗೋ ಫೋನ್ ಮಾಡಿ.

ಹೆಜ್ಜೆ 3: ಮುಗಿಯುವ ಹೊತ್ತು ಗೊತ್ತು ಮಾಡಿ

ಈಗ ಮುಖ್ಯವಾದದ್ದು. ವಾರದ ಐದು ದಿನದಲ್ಲಿ ನಾಲ್ಕು ದಿನ ಖಂಡಿತ ಪಾಲಿಸಬಹುದಾದ ಒಂದು ಹೊತ್ತು ಆರಿಸಿ. ಆಸೆಯ ಹೊತ್ತು ಬೇಡ, ಆಗುವ ಹೊತ್ತು ಆರಿಸಿ. ಈಗ ಎಂಟಕ್ಕೆ ಹೊರಡುತ್ತಿದ್ದರೆ ಒಮ್ಮೆಲೇ ಐದೂವರೆ ಅಂದುಕೊಂಡರೆ ಮೂರನೇ ದಿನಕ್ಕೆ ಕೈಬಿಡುತ್ತೀರಿ. ಏಳು ಗಂಟೆಯಿಂದ ಶುರು ಮಾಡಿ. ಎರಡು ವಾರ ಆದ ಮೇಲೆ ಆರೂವರೆಗೆ ತನ್ನಿ.

ಆರೂವರೆ ಅಂತ ಇಟ್ಟುಕೊಂಡರೆ ದಿನವನ್ನು ಹಿಂದಿನಿಂದ ಹೀಗೆ ಜೋಡಿಸಿ:

- 6.15: ಹೊಸದೇನೂ ಮುಟ್ಟಬೇಡಿ. ನಾಳೆ ಮಾಡಬೇಕಾದ ಮೂರು ಕೆಲಸ ಕಾಗದದ ಮೇಲೆ ಬರೆಯಿರಿ. ಅರ್ಧಕ್ಕೆ ನಿಂತ ಕೆಲಸ ಎಲ್ಲಿ ನಿಂತಿದೆ ಅಂತ ಒಂದು ಸಾಲು ಬರೆಯಿರಿ. ಯಾರಿಗಾದರೂ ಉತ್ತರ ಕೊಡಬೇಕಿದ್ದರೆ "ನಾಳೆ ಹನ್ನೊಂದರೊಳಗೆ ಕಳಿಸುತ್ತೇನೆ" ಅಂತ ಹೇಳಿಬಿಡಿ.
- 5.00: ದೊಡ್ಡ ಕೆಲಸ ಕೈಗೆತ್ತಿಕೊಳ್ಳಲು ಇದೇ ಕೊನೆ ಗಡಿ. ಇದಾದ ಮೇಲೆ ಬಂದದ್ದು ನಾಳೆಯ ಪಟ್ಟಿಗೆ.
- ಬೆಳಗ್ಗೆ 10ರಿಂದ 12: ತಲೆ ಹಾಕಿ ಮಾಡುವ ಕೆಲಸಕ್ಕೆ ಮೀಸಲು. ಕ್ಯಾಲೆಂಡರ್‌ನಲ್ಲಿ ಆ ಜಾಗ ಮೊದಲೇ ಹಿಡಿದಿಡಿ. ಮೀಟಿಂಗ್‌ಗಳು ಮಧ್ಯಾಹ್ನಕ್ಕೆ ಹೋಗಲಿ.

ಆ ಕೊನೆಯ ಹದಿನೈದು ನಿಮಿಷ ತುಂಬಾ ಮುಖ್ಯ. ರಾತ್ರಿ ಕೆಲಸ ನೆನಪಾಗುವುದು ಅದು ಅರ್ಧಕ್ಕೆ ನಿಂತಿರುವುದಕ್ಕೆ. ಎಲ್ಲಿ ನಿಂತಿದೆ, ನಾಳೆ ಎಲ್ಲಿಂದ ಶುರು ಅಂತ ಕಾಗದದ ಮೇಲೆ ಇದ್ದರೆ ತಲೆಗೆ ಅದನ್ನು ಹೊತ್ತು ತಿರುಗುವ ಕೆಲಸ ಇರುವುದಿಲ್ಲ.

ಹೊತ್ತು ಗೊತ್ತು ಮಾಡಿದರಷ್ಟೇ ಸಾಲದು, ಅದಕ್ಕೊಂದು ಗೂಟ ಬೇಕು. ಏಳು ಗಂಟೆಗೆ ಇನ್ನೊಬ್ಬರು ನಿಮಗಾಗಿ ಕಾಯುವಂಥದ್ದು ಏನಾದರೂ ಇಟ್ಟುಕೊಳ್ಳಿ. ಶಟಲ್ ಆಡಲು ಕೋರ್ಟ್ ಬುಕ್ ಮಾಡಿ. ಸಂಗೀತದ ಕ್ಲಾಸಿಗೆ ಸೇರಿ. ಡೇಕೇರ್‌ನಿಂದ ಮಗುವನ್ನು ಕರೆತರುವ ಸರದಿ ನಿಮ್ಮದಾಗಲಿ. "ಮನೆಗೆ ಹೋಗಿ ರೆಸ್ಟ್ ಮಾಡಬೇಕು" ಅನ್ನುವುದನ್ನು ನಾವೇ ಸುಲಭವಾಗಿ ಮುಂದಕ್ಕೆ ಹಾಕುತ್ತೇವೆ. ಡಬಲ್ಸ್ ಆಡಲು ಮೂವರು ಕಾಯುತ್ತಿದ್ದರೆ ಹಾಗೆ ಮಾಡಲು ಬರುವುದಿಲ್ಲ.

ಮನೆಯಿಂದಲೇ ದುಡಿಯುವವರಿಗೆ ಗಡಿ ಎಳೆಯುವುದು ಇನ್ನೂ ಕಷ್ಟ. ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡರೆ ಮಲಗುವ ಜಾಗವೂ ಆಫೀಸಾಗುತ್ತದೆ. ಒಂದು ಮೇಜು, ಒಂದು ಮೂಲೆ ಗೊತ್ತು ಮಾಡಿ. ಹೊತ್ತಾದ ಕೂಡಲೇ ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದು ಕಪಾಟಿನಲ್ಲಿ ಇಡಿ. ಆಮೇಲೆ ಚಪ್ಪಲಿ ಮೆಟ್ಟಿ ಹೊರಗೆ ಹೋಗಿ. ಹಾಲಿನ ಬೂತ್‌ವರೆಗೆ, ತರಕಾರಿ ಗಾಡಿವರೆಗೆ, ಒಂದು ಸುತ್ತು. ವಾಪಸ್ ಬಂದಾಗ ನೀವು ಮನೆಗೆ ಬಂದಿದ್ದೀರಿ.

ಹೆಜ್ಜೆ 4: ಮ್ಯಾನೇಜರ್ ಹತ್ತಿರ ಮಾತಾಡಿ

ಹೇಳದೆ ಬೇಗ ಹೊರಟರೆ ತಪ್ಪು ತಿಳಿಯುತ್ತಾರೆ. ಹೇಳಿ ಹೊರಟರೆ ಹೆಚ್ಚಿನವರು ಒಪ್ಪುತ್ತಾರೆ. ಹೇಗೆ ಹೇಳುತ್ತೀರಿ ಅನ್ನುವುದು ಮುಖ್ಯ. ಕ್ಷಮೆ ಕೇಳಬೇಡಿ, ಮನೆಯ ಕಷ್ಟವನ್ನೆಲ್ಲ ಬಿಚ್ಚಿಡಬೇಡಿ. ಕೆಲಸದ ಮಾತು ಮೊದಲು, ಹೊತ್ತಿನ ಮಾತು ಆಮೇಲೆ. ಹೀಗೆ:

"ಸರ್, ಸೋಮವಾರದಿಂದ ನಾನು ಎಂಟೂವರೆಗೆ ಶುರು ಮಾಡಿ ಆರು ಗಂಟೆಗೆ ಹೊರಡ್ತೀನಿ. ಈ ವಾರದ ಮೂರು ಕೆಲಸ ಶುಕ್ರವಾರ ಮಧ್ಯಾಹ್ನದೊಳಗೆ ಮುಗೀತವೆ. ಸಂಜೆ ಮೇಲೆ ನಿಜವಾಗ್ಲೂ ಅರ್ಜೆಂಟ್ ಏನಾದ್ರೂ ಬಂದ್ರೆ ಫೋನ್ ಮಾಡಿ, ಎತ್ತುತೀನಿ. ಮೆಸೇಜ್ ಬೆಳಗ್ಗೆ ನೋಡ್ತೀನಿ. ಒಂದು ತಿಂಗಳು ಹೀಗೆ ಮಾಡಿ ನೋಡೋಣ."

ಇದರಲ್ಲಿ ಎರಡು ಜಾಗ ಗಮನಿಸಿ. "ಫೋನ್ ಮಾಡಿ" ಅನ್ನುವುದು ಒಂದು. ರಾತ್ರಿ ಹತ್ತಕ್ಕೆ ಮೆಸೇಜ್ ಹಾಕುವುದು ಸುಲಭ, ಫೋನ್ ಮಾಡಲು ಯಾರಿಗಾದರೂ ಸ್ವಲ್ಪ ಹಿಂಜರಿಕೆ ಇರುತ್ತದೆ. ಆ ಹಿಂಜರಿಕೆಯೇ ಅರ್ಜೆಂಟ್ ಅಲ್ಲದ್ದನ್ನು ಸೋಸುತ್ತದೆ. "ಒಂದು ತಿಂಗಳು" ಅನ್ನುವುದು ಇನ್ನೊಂದು. ಶಾಶ್ವತವಾಗಿ ಕೇಳಿದರೆ ಇಲ್ಲ ಅನ್ನುವವರು ಒಂದು ತಿಂಗಳಿಗೆ ಸರಿ ಅನ್ನುತ್ತಾರೆ. ಆ ತಿಂಗಳು ಕೆಲಸ ಹೊತ್ತಿಗೆ ಸರಿಯಾಗಿ ಕೊಟ್ಟರೆ ಮತ್ತೆ ಕೇಳಬೇಕಾಗಿ ಬರುವುದೇ ಇಲ್ಲ.

ಸಂಜೆ ಐದೂವರೆಗೆ ಹೊಸ ಕೆಲಸ ಬಂದರೆ ಆಗಲ್ಲ ಅನ್ನುವ ಬದಲು ಕೇಳಿ: "ಆಯ್ತು ಸರ್, ಇದೂ ಇದೆ, ನಿನ್ನೆ ಹೇಳಿದ್ದೂ ಇದೆ. ಯಾವುದು ಮೊದಲು ಬೇಕು?" ಆಯ್ಕೆ ಅವರ ಕೈಗೆ ಹೋದಾಗ ಎರಡೂ ಇವತ್ತೇ ಅಂತ ಹೇಳುವುದು ಅವರಿಗೂ ಕಷ್ಟ. ಹೊರೆ ನಿಜಕ್ಕೂ ಮಿತಿ ಮೀರಿದ್ದರೆ ಮೊದಲ ಹೆಜ್ಜೆಯ ಪುಟ ತೋರಿಸಿ. "ತುಂಬಾ ಕೆಲಸ ಇದೆ" ಅನ್ನುವ ಮಾತು ಎಲ್ಲರೂ ಆಡುತ್ತಾರೆ. ಗಂಟೆಗಳ ಲೆಕ್ಕವನ್ನು ತಳ್ಳಿಹಾಕಲು ಆಗುವುದಿಲ್ಲ.

ನೀವೇ ಮ್ಯಾನೇಜರ್ ಆಗಿದ್ದರೆ ದಯವಿಟ್ಟು ಒಂದು ಕೆಲಸ ಮಾಡಿ. ರಾತ್ರಿ ಹನ್ನೊಂದಕ್ಕೆ ಬರೆದ ಮೇಲ್ ಬೆಳಗ್ಗೆ ಒಂಬತ್ತಕ್ಕೆ ಹೋಗುವಂತೆ ಹೊತ್ತು ಹೊಂದಿಸಿ ಕಳಿಸಿ. "ಈಗಲೇ ನೋಡಬೇಕಿಲ್ಲ" ಅಂತ ಬರೆದಿದ್ದರೂ ಕಿರಿಯರು ಅದನ್ನು ಆಗಲೇ ನೋಡುತ್ತಾರೆ. ಹೊತ್ತಿಗೆ ಸರಿಯಾಗಿ ನೀವು ಎದ್ದು ಹೊರಟರೆ ತಂಡದವರಿಗೂ ಹೊರಡಲು ಧೈರ್ಯ ಬರುತ್ತದೆ.

ಹೆಜ್ಜೆ 5: ರಾತ್ರಿ ಕಾಲ್‌ಗಳಿಗೆ ಒಂದು ಕಟ್ಟುಪಾಡು

ಹೊರದೇಶದ ತಂಡದ ಜೊತೆ ಕೆಲಸ ಮಾಡುವವರಿಗೆ ಮಾತ್ರ ಇದು. ಲಂಡನ್ನಿನ ಬೆಳಗ್ಗೆ ಒಂಬತ್ತು ನಮಗೆ ಮಧ್ಯಾಹ್ನ ಒಂದೂವರೆ, ಅವರ ಚಳಿಗಾಲದಲ್ಲಿ ಎರಡೂವರೆ. ತೊಂದರೆ ಏನಿಲ್ಲ. ನ್ಯೂಯಾರ್ಕಿನ ಒಂಬತ್ತು ನಮಗೆ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಸಹಿಸಬಹುದು. ಕ್ಯಾಲಿಫೋರ್ನಿಯಾದ ಒಂಬತ್ತು ನಮಗೆ ರಾತ್ರಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ. ಮನೆಗಳು ಹದಗೆಡುವುದು ಇಲ್ಲಿ.

ಮೂರು ಬೇಡಿಕೆ ಮುಂದಿಡಿ. ರಾತ್ರಿ ಕಾಲ್ ವಾರಕ್ಕೆ ಎರಡೇ ದಿನ, ಅದೂ ಗೊತ್ತಾದ ದಿನ ಇರಲಿ. ಕ್ಯಾಲಿಫೋರ್ನಿಯಾದವರು ಒಂದು ವಾರ ಅವರ ಸಂಜೆ ಏಳಕ್ಕೆ ಕೂರಲಿ, ಅದು ನಮಗೆ ಬೆಳಗ್ಗೆ ಏಳೂವರೆ, ಅವರ ಚಳಿಗಾಲದಲ್ಲಿ ಎಂಟೂವರೆ. ಕಷ್ಟ ಎರಡೂ ಕಡೆ ಹಂಚಿಹೋಗಲಿ. ರಾತ್ರಿ ಕಾಲ್ ಇರುವ ಮರುದಿನ ಬೆಳಗ್ಗೆ ತಡವಾಗಿ ಶುರು ಮಾಡುವುದು ಹಕ್ಕು ಅಂತ ತಂಡದಲ್ಲೇ ತೀರ್ಮಾನ ಆಗಲಿ. ಬರೀ ವರದಿ ಒಪ್ಪಿಸುವ ಕಾಲ್ ಆದರೆ ಬರೆದು ಕಳಿಸುತ್ತೇನೆ ಅಂತ ಕೇಳಿ. ಬಹಳ ಕಾಲ್‌ಗಳು ಹಾಗೇ ಮುಗಿಯುವಂಥವು.

ಹೆಜ್ಜೆ 6: ಫೋನ್

ಹೆಚ್ಚು ಹೇಳುವುದಿಲ್ಲ. ಆಫೀಸಿನ ಮೇಲ್ ಮತ್ತು ಚಾಟ್ ಆ್ಯಪ್‌ಗಳ ನೋಟಿಫಿಕೇಶನ್ ರಾತ್ರಿ ತಾನಾಗಿ ನಿಲ್ಲುವಂತೆ ಸೆಟ್ಟಿಂಗ್ಸ್‌ನಲ್ಲಿ ಹೊಂದಿಸಿ. ಆಂಡ್ರಾಯ್ಡ್ ಫೋನಿನಲ್ಲಿ ಕಂಪನಿ ವರ್ಕ್ ಪ್ರೊಫೈಲ್ (ಆಫೀಸಿನ ಆ್ಯಪ್‌ಗಳನ್ನು ಬೇರೆಯಾಗಿ ಇಡುವ ಜಾಗ) ಹಾಕಿಕೊಟ್ಟಿದ್ದರೆ ಅದನ್ನು ಒಂದೇ ಒತ್ತಿಗೆ ಆಫ್ ಮಾಡಬಹುದು. ಆಫೀಸಿನ ವಾಟ್ಸ್‌ಆ್ಯಪ್ ಗುಂಪುಗಳನ್ನು ಮ್ಯೂಟ್ ಮಾಡಿ ಆರ್ಕೈವ್‌ಗೆ ಹಾಕಿ. ಮಲಗುವ ಕೋಣೆಯ ಹೊರಗೆ ಚಾರ್ಜರ್ ಇಡಿ, ಏಳಲು ಒಂದು ಅಲಾರಂ ಗಡಿಯಾರ ತನ್ನಿ.

ಕೆಲಸ ಬಿಟ್ಟ ಮೇಲೂ ಫೋನಿನಿಂದ ಕೈ ತೆಗೆಯಲಾಗುತ್ತಿಲ್ಲ, ರೀಲ್ಸ್ ನೋಡುತ್ತಾ ರಾತ್ರಿ ಒಂದಾಗುತ್ತದೆ ಅನ್ನುವವರಿಗೆ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಶಟ್ ಅನ್ನುವ ಕ್ಲಿನಿಕ್ ಇದೆ. ಅಲ್ಲಿಗೆ ಹೋಗಲು ಸಂಕೋಚ ಬೇಡ.

ಹೆಜ್ಜೆ 7: ಮನೆಕೆಲಸ ಹಂಚಿ, ನೆನಪಿಡುವ ಕೆಲಸವನ್ನೂ ಹಂಚಿ

ಇದನ್ನು ಬಿಟ್ಟು ಈ ವಿಷಯ ಬರೆಯುವುದು ಸರಿಯಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಮನೆಕೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ. ಮನೆಕೆಲಸ ಮಾಡುವ ಗಂಡಸರು ಕೊಡುವುದು 88 ನಿಮಿಷ. ಆಫೀಸಿನಿಂದ ಬಂದ ಹೆಂಗಸಿಗೆ ಎರಡನೇ ಪಾಳಿ ಕಾದಿರುತ್ತದೆ. ಅವಳ ಕೆಲಸ ಮುಗಿಯುವ ಹೊತ್ತು ಆಫೀಸಿನಲ್ಲಿ ಗೊತ್ತಾದರೆ ಸಾಲದು, ಮನೆಯಲ್ಲೂ ಗೊತ್ತಾಗಬೇಕು.

ಒಂದು ಭಾನುವಾರ ಇಬ್ಬರೂ ಕಾಫಿ ಹಿಡಿದು ಕೂತು ಮನೆಯ ಎಲ್ಲಾ ಕೆಲಸ ಬರೆಯಿರಿ. ಅಡುಗೆ, ಪಾತ್ರೆ, ಬಟ್ಟೆ ಮಾತ್ರ ಬರೆದರೆ ಅರ್ಧವೂ ಆಗುವುದಿಲ್ಲ. ಗ್ಯಾಸ್ ಬುಕ್ ಮಾಡುವುದು, ಕಾವೇರಿ ನೀರು ಬಿಡುವ ದಿನ ಸಂಪ್ ತುಂಬಿತಾ ಅಂತ ನೋಡುವುದು, ಶಾಲೆಯ ಗುಂಪಿನಲ್ಲಿ ಬಂದ ಮೆಸೇಜ್ ಓದಿ ನಾಳೆ ಬಣ್ಣದ ಡ್ರೆಸ್ ಹಾಕಬೇಕು ಅಂತ ನೆನಪಿಡುವುದು, ಮಾವನ ಬಿಪಿ ಮಾತ್ರೆ ಮುಗಿಯುವ ಮುಂಚೆ ತರುವುದು, ಕೆಲಸದವರು ರಜೆ ಹಾಕಿದ ದಿನ ಏನು ಮಾಡಬೇಕು ಅಂತ ಯೋಚಿಸುವುದು. ಇವೆಲ್ಲ ಕಾಣದ ಕೆಲಸ. ಸುಸ್ತು ಮಾಡುವುದು ಇವೇ ಜಾಸ್ತಿ.

ಹಂಚುವಾಗ ಒಂದು ನಿಯಮ: ಕೊಟ್ಟ ಕೆಲಸವನ್ನು ಪೂರ್ತಿ ಕೊಡಿ. "ರೀ, ಗ್ಯಾಸ್ ಬುಕ್ ಮಾಡಿದ್ರಾ?" ಅಂತ ಹೆಂಡತಿ ಮೂರು ಸಲ ಕೇಳಬೇಕಾದರೆ ಆ ಕೆಲಸ ಇನ್ನೂ ಅವಳ ತಲೆಯಲ್ಲೇ ಇದೆ. ಗ್ಯಾಸ್ ಗಂಡನದ್ದು ಅಂದ ಮೇಲೆ ಸಿಲಿಂಡರ್ ಮುಗಿಯುತ್ತಿದೆ ಅಂತ ಗಮನಿಸುವುದೂ ಅವನದ್ದೇ. ಒಂದು ದಿನ ಗ್ಯಾಸ್ ಖಾಲಿಯಾಗಿ ಎಲ್ಲರೂ ದರ್ಶಿನಿಯಲ್ಲಿ ಇಡ್ಲಿ ತಿಂದರೂ ಪರವಾಗಿಲ್ಲ. ಆ ಕೆಲಸ ವಾಪಸ್ ತೆಗೆದುಕೊಳ್ಳಬೇಡಿ. ಹಾಗೆಯೇ ಮಾಡಿದ ರೀತಿ ಸರಿಯಿಲ್ಲ ಅಂತ ತಿದ್ದಲೂ ಹೋಗಬೇಡಿ. ಗಂಡ ಮಾಡಿದ ಸಾರಿಗೆ ಒಗ್ಗರಣೆ ಹೊತ್ತಿದ್ದರೂ ಅದು ಸಾರೇ.

ಅತ್ತೆಯೋ ಅಮ್ಮನೋ ಮನೆ, ಮಗು ನೋಡಿಕೊಳ್ಳುತ್ತಿದ್ದರೆ ಅವರಿಗೂ ಒಂದು ಮುಗಿಯುವ ಹೊತ್ತು ಬೇಕು. ಅರವತ್ತೈದು ದಾಟಿದವರು ಬೆಳಗ್ಗೆಯಿಂದ ಮೊಮ್ಮಗುವಿನ ಹಿಂದೆ ಓಡಿ ಸಂಜೆ ನಮ್ಮ ದಾರಿ ಕಾಯುತ್ತಿರುತ್ತಾರೆ. "ಅತ್ತೆ, ಏಳು ಗಂಟೆ ಮೇಲೆ ಮಗು ನಮ್ಮದು. ನೀವು ದೇವಸ್ಥಾನಕ್ಕೆ ಹೋಗಿ, ಪಾರ್ಕಿಗೆ ಹೋಗಿ. ಭಾನುವಾರ ಅಡುಗೆಮನೆ ಕಡೆ ಬರಲೇಬೇಡಿ" ಅಂತ ಹೇಳಿ, ಹಾಗೇ ನಡೆದುಕೊಳ್ಳಿ.

ಕೆಲವು ಕೆಲಸ ಬಿಟ್ಟೇಬಿಡಿ. ಅಂಗಡಿ ದೋಸೆಹಿಟ್ಟು ತಂದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಕರೆಂಟ್, ನೀರು, ಫೋನ್ ಬಿಲ್‌ಗಳನ್ನು ಬ್ಯಾಂಕಿನಿಂದ ತಾನಾಗಿ ಕಟ್ಟಿಹೋಗುವಂತೆ ಮಾಡಿ.

ಪಿಜಿಯಲ್ಲೋ ರೂಮಿನಲ್ಲೋ ಒಬ್ಬರೇ ಇರುವವರಿಗೆ ತೊಂದರೆ ಬೇರೆ. ಮನೆಯಲ್ಲಿ ಕಾಯುವವರು ಇಲ್ಲ ಅಂತ ಆಫೀಸಿನಲ್ಲೇ ಉಳಿಯುತ್ತಾರೆ. ತಂಡದಲ್ಲಿ ಎಲ್ಲರ ಶನಿವಾರದ ಕೆಲಸ "ನಿನಗೇನಪ್ಪಾ, ಫ್ರೀ ಇದ್ದೀಯ" ಅಂತ ಇವರ ತಲೆಗೆ ಬರುತ್ತದೆ. ಮದುವೆ ಆಗಿಲ್ಲ ಅಂದ ಮಾತ್ರಕ್ಕೆ ನಿಮ್ಮ ಹೊತ್ತು ಬಿಟ್ಟಿ ಅಲ್ಲ. ಆ ಶನಿವಾರಕ್ಕೆ ಏನಾದರೂ ಗೊತ್ತು ಮಾಡಿಕೊಂಡು "ನನಗೂ ಕೆಲಸ ಇದೆ" ಅನ್ನಿ.

ಹೆಜ್ಜೆ 8: ನಿದ್ದೆ ಮತ್ತು ನಡಿಗೆ

ದೊಡ್ಡವರಿಗೆ ದಿನಕ್ಕೆ ಏಳು ಗಂಟೆಗಿಂತ ಕಮ್ಮಿ ನಿದ್ದೆ ಸಾಲದು. ಸಂಜೆ ಆರಕ್ಕೆ ಕುಡಿದ ಕಾಫಿಯ ಕೆಫೀನ್ ರಾತ್ರಿ ಹನ್ನೊಂದರ ಹೊತ್ತಿಗೂ ಸುಮಾರು ಅರ್ಧದಷ್ಟು ಮೈಯಲ್ಲಿ ಉಳಿದಿರುತ್ತದೆ. ಕೊನೆಯ ಫಿಲ್ಟರ್ ಕಾಫಿ ಮಧ್ಯಾಹ್ನ ಮೂರಕ್ಕೇ ಮುಗಿಯಲಿ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂಥ ವ್ಯಾಯಾಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಕಬ್ಬನ್ ಪಾರ್ಕ್, ಲಾಲ್‌ಬಾಗ್ ದೂರ ಆದರೆ ನಿಮ್ಮ ಹತ್ತಿರದ ಕೆರೆ ನೋಡಿ. ಸ್ಯಾಂಕಿ, ಜಕ್ಕೂರು, ಅಗರ, ಕೈಕೊಂಡ್ರಹಳ್ಳಿ ಕೆರೆಗಳ ಸುತ್ತ ನಡೆಯಲು ದಾರಿ ಇದೆ.

ಹೆಜ್ಜೆ 9: ರಜೆಯನ್ನು ಜನವರಿಯಲ್ಲೇ ಬರೆದಿಡಿ

ರಜೆ ಉಳಿಸಿ ಉಳಿಸಿ ಡಿಸೆಂಬರಿನಲ್ಲಿ ಕಳೆದುಕೊಳ್ಳುವವರು ತುಂಬಾ ಜನ. ವರ್ಷದ ಶುರುವಿನಲ್ಲೇ ಕ್ಯಾಲೆಂಡರ್ ಬಿಡಿಸಿ ಯುಗಾದಿ, ಗೌರಿ ಗಣೇಶ, ದಸರಾ, ದೀಪಾವಳಿ ಯಾವ ವಾರ ಬರುತ್ತವೆ ಅಂತ ನೋಡಿ. ಒಂದು ದಿನ ಹಾಕಿದರೆ ನಾಲ್ಕು ದಿನ ಸಿಗುವ ಜಾಗಗಳನ್ನು ಗುರುತು ಮಾಡಿ, ಆಗಲೇ ಅರ್ಜಿ ಹಾಕಿ. ಬಸ್ಸು, ರೈಲಿನ ಟಿಕೆಟ್ಟೂ ಸಿಗುತ್ತದೆ. ಹಬ್ಬದ ಹಿಂದಿನ ರಾತ್ರಿ ಮೆಜೆಸ್ಟಿಕ್‌ನಲ್ಲಿ ನಿಂತು ಬಸ್ ಹುಡುಕಿದವರಿಗೆ ಇದರ ಬೆಲೆ ಗೊತ್ತು.

ಊರಿಗೆ ಹೋಗುವ ರಜೆ ಬೇರೆ, ಸುಮ್ನೆ ಇರುವ ರಜೆ ಬೇರೆ. ಊರಿಗೆ ಹೋದರೆ ಮದುವೆ, ಗೃಹಪ್ರವೇಶ, ತೋಟದ ಕೆಲಸ, ನೆಂಟರ ಮನೆ. ಸಂತೋಷವೇ, ಆದರೆ ಮೈಗೆ ಬಿಡುವಲ್ಲ. ವರ್ಷದಲ್ಲಿ ಮೂರು ನಾಲ್ಕು ದಿನವಾದರೂ ಎಲ್ಲೂ ಹೋಗದ, ಯಾರೂ ಬರದ ರಜೆ ಇರಲಿ. ಹೊರಡುವ ಮುಂಚೆ ಕೆಲಸವನ್ನು ಒಬ್ಬರ ಹೆಸರಿಗೆ ಒಪ್ಪಿಸಿ, ಮೇಲ್‌ನಲ್ಲಿ ಅವರ ಹೆಸರು ಹಾಕಿ. ಅವರು ರಜೆ ಹಾಕಿದಾಗ ನೀವು ಹೊರಿ.

ಹೆಜ್ಜೆ 10: ಕಾಯ್ದೆ ಏನು ಹೇಳುತ್ತದೆ ಅಂತ ತಿಳಿದಿರಿ

ಜಗಳ ಆಡಲು ಅಲ್ಲ, ನಿಮ್ಮ ನೆಲ ಯಾವುದು ಅಂತ ಗೊತ್ತಿರಲು. ಅಂಗಡಿ, ಹೋಟೆಲ್, ಐಟಿ ಕಚೇರಿಗಳಿಗೆ ಅನ್ವಯಿಸುವ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಕೆಲಸಕ್ಕೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿದೆ. ಅದಕ್ಕೆ ಮೀರಿದರೆ ದುಪ್ಪಟ್ಟು ಕೂಲಿ. ವಾರಕ್ಕೆ ಒಂದು ಪೂರ್ತಿ ದಿನ ರಜೆ. ದುಡಿದ ಪ್ರತಿ 20 ದಿನಕ್ಕೆ ಒಂದು ಗಳಿಕೆ ರಜೆ. ಕಾಯಿಲೆ ಅಥವಾ ಬೇರೆ ಸರಿಯಾದ ಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ ಸಂಬಳದ ರಜೆ. ಆಡಳಿತದ ಹುದ್ದೆಯಲ್ಲಿರುವವರಿಗೆ ಇದು ಅನ್ವಯಿಸುವುದಿಲ್ಲ. ಕಾರ್ಖಾನೆಯವರಿಗೆ ಕಾಯ್ದೆ ಬೇರೆ, ಆದರೆ ವಾರದ ಮಿತಿ ಅಲ್ಲೂ 48 ಗಂಟೆಯೇ.

50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಮಕ್ಕಳ ಪಾಲನಾ ಕೇಂದ್ರ ಇರಬೇಕು ಅನ್ನುವ ನಿಯಮ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಿಂದ ಬಂತು. ಕೇಳಿದರೆ ಸಿಗುವ ಸೌಲಭ್ಯ ಇದು, ಕೇಳುವವರು ಕಮ್ಮಿ. ಕೆಲಸದ ಹೊತ್ತಿನ ನಂತರ ಫೋನ್ ಎತ್ತದಿರುವ ಹಕ್ಕು ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಇದೆ. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ಐಟಿ ವಲಯದಲ್ಲಿ ದಿನಕ್ಕೆ 14 ಗಂಟೆವರೆಗೆ ದುಡಿಸುವ ಪ್ರಸ್ತಾಪ 2024ರಲ್ಲಿ ಬಂದಾಗ ಐಟಿ ನೌಕರರ ಸಂಘ ಕಿಟು ಅದನ್ನು ಗಟ್ಟಿಯಾಗಿ ವಿರೋಧಿಸಿತು. ದೂರು ಕೊಡುವ ಮಟ್ಟಕ್ಕೆ ಬಂದರೆ ಕಾರ್ಮಿಕ ಇಲಾಖೆಯ ಕಚೇರಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ. ಹೋಗುವಾಗ ಮೇಲ್‌ಗಳು, ಹಾಜರಿ, ಮೊದಲ ಹೆಜ್ಜೆಯ ಪುಟ ಎಲ್ಲದರ ಪ್ರತಿ ಇರಲಿ.

ಹೆಜ್ಜೆ 11: ಮೂರು ತಿಂಗಳಾದ ಮೇಲೆ ತೀರ್ಮಾನ

ಮೂರು ತಿಂಗಳು ಹೀಗೆ ನಡೆಸಿ ಮತ್ತೆ ಒಂದು ವಾರ ಬರೆಯಿರಿ. ಹಳೆಯ ಪುಟದ ಪಕ್ಕ ಇಟ್ಟು ನೋಡಿ. ದಾರಿಯ ಗಂಟೆ ಇಳಿದಿದೆಯಾ? ರಾತ್ರಿಯ ಗೀಟು ಕಮ್ಮಿ ಆಗಿವೆಯಾ? ಆಗಿದ್ದರೆ ಮುಂದುವರಿಸಿ.

ಆಗಿಲ್ಲದಿದ್ದರೆ ಮೈ ಏನು ಹೇಳುತ್ತಿದೆ ಅಂತ ಕೇಳಿ. ಭಾನುವಾರ ಸಂಜೆಯಾದರೆ ಹೊಟ್ಟೆಯಲ್ಲಿ ಸಂಕಟ, ನಿದ್ದೆ ಬಾರದಿರುವುದು, ಸಣ್ಣ ಮಾತಿಗೆ ಮಕ್ಕಳ ಮೇಲೆ ರೇಗುವುದು, ಇಷ್ಟದ ಯಾವುದರಲ್ಲೂ ಮನಸ್ಸು ಇಲ್ಲದಿರುವುದು ಎರಡು ವಾರಕ್ಕಿಂತ ಜಾಸ್ತಿ ಇದ್ದರೆ ಡಾಕ್ಟರನ್ನು ನೋಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನೀವು ಎಲ್ಲ ಸರಿ ಮಾಡಿದರೂ ಆ ಜಾಗವೇ ಬದಲಾಗದಿದ್ದರೆ ಬೇರೆ ಕೆಲಸ ಹುಡುಕುವುದು ಸೋಲಲ್ಲ. ಆದರೆ ಸಿಟ್ಟಿನಲ್ಲಿ ರಾಜೀನಾಮೆ ಬರೆಯಬೇಡಿ. ಆರು ತಿಂಗಳ ಮನೆಖರ್ಚು, ಇಎಂಐ ಸೇರಿಸಿ, ಕೈಯಲ್ಲಿರಲಿ. ಹೊಸ ಕಡೆ ಇಂಟರ್‌ವ್ಯೂನಲ್ಲಿ ಸಂಬಳದ ಜೊತೆ ಇದನ್ನೂ ಕೇಳಿ: ತಂಡದವರು ಸಾಮಾನ್ಯವಾಗಿ ಎಷ್ಟೊತ್ತಿಗೆ ಹೊರಡುತ್ತಾರೆ, ವಾರಕ್ಕೆ ಎಷ್ಟು ರಾತ್ರಿ ಕಾಲ್, ಕಳೆದ ತಿಂಗಳು ಎಷ್ಟು ಶನಿವಾರ ಬರಬೇಕಾಯಿತು. ಎಚ್‌ಆರ್ ಹೇಳುವ ಉತ್ತರಕ್ಕಿಂತ ಅದೇ ತಂಡದಲ್ಲಿ ದುಡಿಯುವ ಒಬ್ಬರ ಜೊತೆ ಹತ್ತು ನಿಮಿಷ ಮಾತಾಡಿದರೆ ನಿಜ ಗೊತ್ತಾಗುತ್ತದೆ. ಇನ್ನು ಮನೆಯವರ ಆರೋಗ್ಯ ವಿಮೆ ಈಗಿನ ಕಂಪನಿಯದ್ದೇ ಆಗಿದ್ದರೆ, ಕೊನೆಯ ದಿನಕ್ಕೆ ಮುಂಚೆಯೇ ಸ್ವಂತದ್ದೊಂದು ಮಾಡಿಸಿಕೊಳ್ಳಿ.